ಖಾಲಿ ಬೀಸುಕಲ್ಲು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಕಲ್ಲಲ್ಲದ್ದು ಅಂದರೆ ಬಾಗಿಲು ಮತ್ತು ಮನುಷ್ಯರು, ಅಷ್ಟೇ. ನೆಲಕ್ಕೆ ಪರಸಿ, ಅಂದರೆ ಶಹಾಬಾದಿನ ಹಾಸುಗಲ್ಲು, ಗೋಡೆಗೆ ಪರಸಿ, ಮಾಳಿಗೆಗೆ ಪರಸಿ, ಹಿತ್ತಲಿನ ಬೇಲಿಗೂ ಸಾಲಾಗಿ ನಿಲ್ಲಿಸಿದ ಪರಸಿ. ಶಹಾಬಾದಿನಿಂದ ವಾಡಿಗೆ ಹೋಗುವ ದಾರಿಯ ಬದಿಯ ಆ ಓಣಿಯಲ್ಲಿ ಎಲ್ಲರ ಮನೆಯೂ ಹಾಗೆಯೇ. ಚೆಂದದ ಕಲ್ಲೆಲ್ಲ ಲಾರಿ ಹತ್ತಿ ಯಾರು ಯಾರದೋ ಅಂಗಳಕ್ಕೆ ಹೋಗುತ್ತಿತ್ತು, ಮೂಲೆ ಮುರಿದದ್ದು ನಮಗೆ ಉಳಿಯುತ್ತಿತ್ತು. ಅಪ್ಪ ಪಾಲಿಶ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಸಂಜೆ ಮನೆಗೆ ಬಂದಾಗ ಕಣ್ಣಿನ ರೆಪ್ಪೆ ಕೂಡ ಬೆಳ್ಳಗಿರುತ್ತಿತ್ತು. ಮುಖ ತೊಳೆಯುವ ತನಕ ಆತ ನನ್ನಪ್ಪನೋ ಅಲ್ಲವೋ ಎಂದು ನನಗೆ ಒಳಗೊಳಗೇ ಅನುಮಾನ. ಮನೆ ಉದ್ದಕ್ಕೆ ಮೂರೇ ಕೋಣೆ. ಮುಂದೆ ಪಡಸಾಲೆ, ಅಲ್ಲಿ ಆಯಿ, ಅಂದರೆ ಅಪ್ಪನ ತಾಯಿ. ನಡುವೆ ನಡುಮನೆ, ಅಲ್ಲಿ ನಾನು ಮತ್ತು ತಂಗಿ ನೀಲಿ. ಕೊನೆಗೆ ಅಡುಗೆಮನೆ, ಅಲ್ಲಿ ಅವ್ವ. ಮೂರೂ ಕೋಣೆಗೆ ಕೆಳಗಿನ ಬಂಡೆ ಒಂದೇ. ಆಯಿ ಪಡಸಾಲೆಯಲ್ಲಿ ಚೊಂಬು ಕುಕ್ಕಿದರೆ ಅಡುಗೆಮನೆಯಲ್ಲಿ ಅವ್ವನ ಅಂಗಾಲಿಗೆ ತಿಳಿಯುತ್ತಿತ್ತು. ಅದಕ್ಕೇ ಆ ಮನೆಯಲ್ಲಿ ಯಾರೂ ಯಾರನ್ನೂ ಕೂಗಿ ಕರೆದದ್ದು ನನಗೆ ನೆನಪಿಲ್ಲ.

ನೀಲಿಗೆ ಆಗ ಏಳು ವರ್ಷ, ನನಗೆ ಹನ್ನೊಂದು. ನೀಲಿ ಮಾತಾಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಹಿತ್ತಾಳೆ ಡಬ್ಬಿಯ ಮುಚ್ಚಳವೊಂದನ್ನು ನೆಲದ ಮೇಲೆ ಗಿರ್ರನೆ ತಿರುಗಿಸಿ, ಅದು ನಿಲ್ಲುವ ತನಕ ನೋಡಿ, ಮತ್ತೆ ತಿರುಗಿಸುವಳು. ಬೆಳಿಗ್ಗೆಯಿಂದ ಸಂಜೆಯ ತನಕ ಇದೇ. ಇಲ್ಲವೇ ಬೋರಲು ಮಲಗಿ, ಒಂದು ಕಿವಿಯನ್ನು ಪರಸಿಗೆ ಒತ್ತಿ, ಮೂಗಿನಲ್ಲೇ ಒಂದು ಸ್ವರ ಹಿಡಿದು ಹೂಂ ಎಂದು ಎಳೆಯುವಳು. ಆಟಿಸಂ ಎಂಬ ಮಾತು ನಮ್ಮ ಮನೆಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮ್ಮ ಹತ್ತಿರ ಇದ್ದದ್ದು ಎರಡೇ ಮಾತು. ಓಣಿಯವರು ಗಾಳಿ ಸೋಂಕಿದೆ ಎನ್ನುತ್ತಿದ್ದರು. ಆಯಿ ಹಡೆದವಳ ಹಣೆಬರಹ ಎನ್ನುತ್ತಿದ್ದಳು. ಅವ್ವ ದರ್ಗಾಕ್ಕೆ ಹೋಗಿ ನವಿಲುಗರಿ ಬೀಸಿಸಿಕೊಂಡು ಬಂದಳು, ಕೊಡ್ಲಿ ಊರಿನ ಮುದುಕನೊಬ್ಬನಿಂದ ತಾಯತ ತಂದಳು, ತನ್ನ ತವರು ತೆಂಗಳಿಯಲ್ಲಿ ಹನ್ನೊಂದು ಸೋಮವಾರ ಉಪವಾಸ ಹಿಡಿದಳು. ನೀಲಿ ಮುಚ್ಚಳ ತಿರುಗಿಸುತ್ತಲೇ ಇದ್ದಳು. ಅವಳು ರಾತ್ರಿ ಹೊತ್ತು ಎರಡು ಮೂರು ತಾಸಿನ ಮೇಲೆ ನಿದ್ದೆ ಮಾಡುತ್ತಿರಲಿಲ್ಲವಾದ್ದರಿಂದ ಅವ್ವನೂ ಮಾಡುತ್ತಿರಲಿಲ್ಲ. ಎದ್ದು ಓಡಿಹೋಗುತ್ತಾಳೆಂದು ತನ್ನ ಸೆರಗಿನ ತುದಿಯನ್ನು ನೀಲಿಯ ಫ್ರಾಕಿಗೆ ಗಂಟು ಹಾಕಿಕೊಂಡೇ ಇರುವಳು. ಏಳು ವರ್ಷ ಹೀಗೆ. ಆಗ ಅವ್ವನಿಗಿದ್ದ ವಯಸ್ಸಿನ ಹೆಂಗಸರು ಬೀದಿಯಲ್ಲಿ ನಗುತ್ತ ನಿಂತಿರುವುದನ್ನು ಕಂಡಾಗಲೆಲ್ಲ ನನಗೆ ಅವ್ವನ ಕಣ್ಣ ಕೆಳಗಿನ ಕಪ್ಪು ನೆನಪಾಗಿ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

ಅವ್ವನಿಗೆ ಬೇಕಾಗಿದ್ದದ್ದು ಒಂದೇ. ಮಗಳು ಮಾತಾಡಲಿ ಎಂದು ಕೂಡ ಅಲ್ಲ. ಊಟಕ್ಕೆ ಕೂಡಿಸಿಕೊಂಡಾಗ ನೀಲಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಕೇಳುವಳು:

"ಒಮ್ಮಿ ನನ್ನ ಮಾರಿ ನೋಡ ಯವ್ವಾ. ನಾ ಯಾರು ಹೇಳು? ಅವ್ವ ಹೌದಿಲ್ಲೋ? ಹೇಳಬ್ಯಾಡ, ಖಾಲಿ ನೋಡು."

ನೀಲಿ ಅವಳ ಕೈ ತಳ್ಳಿ ಗೋಡೆಯ ಸಂದಿನಲ್ಲಿ ಹರಿಯುವ ಇರುವೆ ನೋಡುವಳು. ಪಡಸಾಲೆಯಿಂದ ಆಯಿಯ ದನಿ ಬರುವುದು:

"ಯಾಕ ಖಾಲಿಪೀಲಿ ಹೈರಾಣ ಆಗ್ತಿ? ಆಕಿಗಿ ನೀನೂ ಒಂದೇ, ಈ ಕಂಬಾನೂ ಒಂದೇ. ಎಂಟ ಹಡದೀನಿ ನಾ, ಒಂದರೆ ಹಿಂಗ ಇತ್ತೇನ? ಹೊಟ್ಟಿಲಿದ್ದಾಗ ಏನ ತಿಂದಿ, ಏನ ನೋಡಿದಿ, ಯಾರಿಗಿ ಗೊತ್ತು."

ಅವ್ವ ಉಂಡಾದ ಮೇಲೆ ಗಂಟು ಬಿಚ್ಚಿ, ನೀಲಿಯನ್ನು ನನ್ನ ಕಾವಲಿಗೆ ಬಿಟ್ಟು, ಅಡುಗೆಮನೆಯ ಮೂಲೆಗೆ ಹೋಗಿ ತೊಗರಿ ಒಡೆಯಲು ಬೀಸುಕಲ್ಲಿನ ಮುಂದೆ ಕೂಡುವಳು. ಘರ್ ಘರ್ ಎಂದು ಅದರ ಸದ್ದು ಶುರುವಾದರೆ ಆಯಿಗೆ ಸಮಾಧಾನ. ಸೊಸೆಯ ಕೈ ಆಡುತ್ತಿದೆ ಎಂದು ತಿಳಿದು ವಿಭೂತಿ ಹಚ್ಚಿದ ಹಣೆಯ ಮೇಲೆ ಸೆರಗು ಎಳೆದುಕೊಂಡು ಮಲಗುವಳು. ಆಯಿಯದೊಂದು ನಿಯಮವಿತ್ತು, ನೂರಾರು ನಿಯಮಗಳಲ್ಲಿ ಅದೂ ಒಂದು. ಬೀಸುಕಲ್ಲನ್ನು ಕಾಳು ಹಾಕದೆ ತಿರುವಬಾರದು. ನಾನು ಸಣ್ಣವಳಿದ್ದಾಗ ಆಟಕ್ಕೆ ತಿರುವಿ ಬೆನ್ನಿಗೆ ಗುದ್ದು ತಿಂದಿದ್ದೆ. "ಖಾಲಿ ಕಲ್ಲ ತಿರುವಿದ್ರ ಅದು ಮನಿ ಮಂದೀನ ಬೀಸ್ತದ" ಎಂದಿದ್ದಳು ಆಯಿ.

ಇನ್ನು ಓಣಿಯಲ್ಲಿ ಎಲ್ಲರ ದಿನವನ್ನೂ ಎರಡು ತುಂಡು ಮಾಡುತ್ತಿದ್ದದ್ದು ಮದ್ದು ಹಾರಿಸುವುದು. ನಮ್ಮ ಓಣಿಯಿಂದ ಒಂದು ಹರದಾರಿಯೊಳಗೇ ಸಿಮೆಂಟಿನ ಸುಣ್ಣಕಲ್ಲಿನ ದೊಡ್ಡ ಗಣಿ. ಮಧ್ಯಾಹ್ನ ಮೂರರ ಸುಮಾರಿಗೆ ಅಲ್ಲಿ ಬಂಡೆ ಸಿಡಿಸುತ್ತಿದ್ದರು. ಮೊದಲು ಎಚ್ಚರಿಕೆಯ ಭೋಂಗಾ ಕೂಗುತ್ತಿತ್ತು, ಆದರೆ ಗಾಳಿ ಆ ಕಡೆ ಇದ್ದರೆ ಭೋಂಗಾದ ಕೂಗು ನಮಗೆ ಕೇಳುತ್ತಿರಲಿಲ್ಲ. ಸುಮ್ಮನೆ ಕೂತಿದ್ದಾಗ ಕೆಳಗಿನಿಂದ ಒಂದು ಏಟು ಬೀಳುವುದು. ಮಾಡದಲ್ಲಿನ ತಾಟುಗಳು ಗಲಗಲ ಎನ್ನುವುವು, ಮಾಳಿಗೆಯ ಸಂದಿನಿಂದ ಮಣ್ಣು ಉದುರಿ ಸಾರಿನೊಳಗೆ ಬೀಳುವುದು, ಬಿಸಿಲಿಗೆ ಹಾಕಿದ ಹಪ್ಪಳವೆಲ್ಲ ಧೂಳಾಗುವುದು. ನೀಲಿಗೆ ಮಾತ್ರ ಅದು ಮೊದಲೇ ತಿಳಿಯುತ್ತಿತ್ತು. ನೆಲದಿಂದ ಕಿವಿ ಎತ್ತಿ, ಎದ್ದು ಕೂತು, ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಳ್ಳುವಳು. ಒಂದು ಬೀಡಿ ಸೇದಿ ಮುಗಿಸುವಷ್ಟು ಹೊತ್ತಿನಲ್ಲಿ ಏಟು ಬೀಳುವುದು. ಒಂದು ದಿನವೂ ತಪ್ಪಿದ್ದಿಲ್ಲ. ನಮಗೆ ಅದು ರೂಢಿಯಾಗಿತ್ತು, ಆದರೆ ಹೊಸಬರು ಯಾರಾದರೂ ಇದ್ದರೆ ಅವಳು ಕಿವಿ ಮುಚ್ಚಿಕೊಂಡು ಗೋಡೆ ನೋಡುವುದನ್ನು ಕಂಡು ಹೆದರಿ ಎದ್ದು ಹೋಗುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ದಿನ ಊಟಕ್ಕೂ ಮೊದಲೇ ನೀಲಿ ಸೆರಗಿನ ಗಂಟು ಕಿತ್ತುಕೊಂಡು ಕಿವಿ ಮುಚ್ಚಿ ಓಣಿಗೆ ಓಡಿದಳು. ಹೊತ್ತಲ್ಲದ ಹೊತ್ತು. ಎದುರುಮನೆಯ ಚಂದಮ್ಮ ಮೊಮ್ಮಗನನ್ನು ಚಾವಣಿ ಕೆಳಗೆ ತೊಟ್ಟಿಲಲ್ಲಿ ಹಾಕಿ ತೂಗುತ್ತಿದ್ದವಳು, ನೀಲಿಯ ಅವತಾರ ಕಂಡು ನಕ್ಕು, ಕೂಸಿಗೂ ತೋರಿಸೋಣವೆಂದು ಅದನ್ನೆತ್ತಿಕೊಂಡು ಅಂಗಳಕ್ಕೆ ಬಂದಳು. ಏಟು ಬಿತ್ತು. ಚಂದಮ್ಮನ ಚಾವಣಿಯ ಪರಸಿ ನಡುವೆ ಬಿರಿದು ತೊಟ್ಟಿಲ ಮೇಲೆ ಬಿತ್ತು. ತೊಟ್ಟಿಲು ಪುಡಿಪುಡಿ. ಚಂದಮ್ಮ ಕೂಸನ್ನು ಅವುಚಿಕೊಂಡು ಬಂದು ನೀಲಿಯ ಕಾಲಿಗೆ ಅಡ್ಡ ಬಿದ್ದಳು.

"ಇದು ಹುಚ್ಚ ಅಲ್ಲ್ರಿ, ಇದು ಬ್ಯಾರೇನೇ ಅದ! ನಮ್ಮ ಕಣ್ಣಿಗಿ ತಿಳೀಲಿಲ್ಲ. ಭೂಮ್ತಾಯಿ ಇಕಿ ಸಂಗಾಟ ಮಾತಾಡ್ಲಿಕತ್ತಾಳ."

ಅಲ್ಲಿಂದ ಸೋಮವಾರಗಳು ಶುರುವಾದವು. ಓಣಿಯ ಹೆಂಗಸರು ತೆಂಗಿನಕಾಯಿ ಹಿಡಿದು ಬರುವರು. ನೀಲಿ ನೆಲಕ್ಕೆ ಕಿವಿ ಇಟ್ಟು ಹೂಂ ಎನ್ನುವಳು. ಅವಳ ಹೂಂಕಾರದ ಅರ್ಥ ಹೇಳಬಲ್ಲವರು ಯಾರು? ಹಡೆದವಳೇ. ಅವ್ವ ಮೊದಲು ಒಲ್ಲೆ ಎಂದಳು. ಆಯಿಯೂ ಗುಡುಗಿದಳು: "ಲಿಂಗಾ ಕಟ್ಟಿದೋರು ನಾವು. ನಮ್ಮ ಮನಿಯಾಗ ಮೈಮ್ಯಾಗ ದೇವರ ಬರೂದಂದ್ರೇನ?" ಆದರೆ ಎರಡನೇ ವಾರಕ್ಕೆ ಓಣಿಯ ಅರ್ಧ ಜನ ಬಾಗಿಲಲ್ಲಿ ನಿಂತದ್ದು ಕಂಡು ಅದೇ ಆಯಿ ನಡುಮನೆ ಗುಡಿಸಿ, ಹೊಸ ಕಂಬಳಿ ಹಾಸಿ, ಸೊಸೆಗೆ "ಕುಂದ್ರು ಬಾ ಶಾಂತಾ" ಎಂದಳು. ಆ ಮನೆಗೆ ಬಂದ ಮೇಲೆ ಅವ್ವನ ಹೆಸರು ಹಿಡಿದು ಆಯಿ ಕರೆದದ್ದು ಅದೇ ಮೊದಲು ಎಂದು ಕಾಣುತ್ತದೆ, ಅವ್ವ ಹಿಂದೆ ತಿರುಗಿ ನೋಡಿದಳು, ಬೇರೆ ಶಾಂತಾ ಯಾರಾದರೂ ಬಂದಿದ್ದಾರೇನೋ ಎಂದು. ಆಮೇಲೆ ಕೂತಳು. "ಹೌದಂತಾಳ." "ಇಲ್ಲಂತಾಳ." "ಜರಾ ತಡೀ ಅಂತಾಳ." ಇಷ್ಟೇ ಹೇಳುತ್ತಿದ್ದದ್ದು. ಕೇಳಿದವರು ತಮಗೆ ಬೇಕಾದಷ್ಟು ಕಟ್ಟಿಕೊಂಡು ಹೋಗುವರು. ಅವ್ವನ ಮುಖದಲ್ಲಿ ಅಷ್ಟು ಹೊತ್ತು ಬೆಳಕಿರುತ್ತಿತ್ತು. ಹೆಂಗಸರು ಎದ್ದು ಹೋದ ಮೇಲೆ ಆ ಬೆಳಕು ಹೇಗೆ ಹೋಗುತ್ತಿತ್ತೆಂದರೆ, ನನಗೆ ಅವಳನ್ನು ನೋಡಲು ಭಯವಾಗುತ್ತಿತ್ತು. ಕಂಬಳಿಯ ಮೇಲೆ ಕೂತಲ್ಲೇ ಕೂತು, ಕಣ್ಣು ಮಿಟುಕಿಸದೆ, ತಾನೂ ಮೂಗಿನಲ್ಲಿ ಹೂಂ ಎನ್ನುವಳು. ಒಮ್ಮೊಮ್ಮೆ ಹಿತ್ತಲಲ್ಲಿದ್ದಾಗ ಒಳಗಿನಿಂದ ಆ ಸ್ವರ ಬಂದರೆ ಅದು ನೀಲಿಯದೋ ಅವ್ವನದೋ ನನಗೆ ತಿಳಿಯುತ್ತಿರಲಿಲ್ಲ. ಒಳಗೆ ಹೋಗಿ ನೋಡಿದರೆ ಇಬ್ಬರದೂ ಇರುತ್ತಿತ್ತು.

ನನಗೆ ಬೇರೆ ಹೊಟ್ಟೆಕಿಚ್ಚು. ಅಲ್ಲ, ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು, ಭೂಮ್ತಾಯಿ ನನ್ನ ಸಂಗಾಟ ಯಾಕೆ ಮಾತಾಡಬಾರದು? ಒಂದು ಮಧ್ಯಾಹ್ನ ಆಯಿಗೆ ನಿದ್ದೆ ಹತ್ತಿದ ಮೇಲೆ ನಾನೂ ನೀಲಿಯ ಎದುರಿಗೆ ಬೋರಲು ಬಿದ್ದು ಪರಸಿಗೆ ಕಿವಿ ಒತ್ತಿದೆ. ಕಲ್ಲು ತಣ್ಣಗಿತ್ತು. ಮೊದಲು ಏನೂ ಇಲ್ಲ. ಆಮೇಲೆ, ಬಹಳ ಕೆಳಗೆ, ಡ್ರಿಲ್ ಕೊರೆಯುವ ಟರ್ ಟರ್ ಸದ್ದು. ಅದರ ಹಿಂದೆ ಗಣಿಯ ಲಾರಿಗಳ ಗುಡುಗುಡು. ಹಲ್ಲು ಜುಮ್ಮೆಂದಿತು. ಸುಮಾರು ಹೊತ್ತಿನ ಮೇಲೆ ಡ್ರಿಲ್ ನಿಂತಿತು. ಇನ್ನೂ ಸುಮಾರು ಹೊತ್ತಿಗೆ ಲಾರಿಗಳೂ ಒಂದೊಂದಾಗಿ ನಿಂತವು. ನೆಲ ಸತ್ತಂತೆ ಸುಮ್ಮನಾಯಿತು. ನೀಲಿ ಎದ್ದು ಕಿವಿ ಮುಚ್ಚಿಕೊಂಡಳು. ಏಟು ಬಿತ್ತು. ಓಹೋ ಇಷ್ಟೇನಾ ಎಂದು ನಾನು ನಗುವಷ್ಟರಲ್ಲಿ ಇನ್ನೊಂದು ತಿಳಿಯಿತು. ಗಣಿಯ ನೆಲವೆಲ್ಲ ಸುಮ್ಮನಾದ ಆ ಹೊತ್ತಿನಲ್ಲಿಯೂ ಹತ್ತಿರದ ಒಂದು ಸದ್ದು ನಿಂತಿರಲಿಲ್ಲ. ನಾನು ಮತ್ತೆ ಕಿವಿ ಇಟ್ಟೆ. ಅಡುಗೆಮನೆಯ ಬೀಸುಕಲ್ಲು. ಕಾಳಿದ್ದರೆ ಅದರ ಸದ್ದು ದಪ್ಪಗಿರುತ್ತದೆ, ಯಾವ ಹೆಣ್ಣುಮಗಳಿಗಾದರೂ ಗೊತ್ತು. ಇದು ಕಲ್ಲಿಗೆ ಕಲ್ಲು ತಾಕಿ ಕೀಸುವ ಸದ್ದು. ಆ ಸದ್ದಿನ ಒಳಗೆ, ನೆಲದೊಳಗಿನಿಂದ, ಯಾರೋ ಬಿಕ್ಕುತ್ತಿದ್ದರು.

ನಾನು ಎದ್ದು ಹೋಗಿ ಕದದ ಸಂದಿಯಿಂದ ನೋಡಿದೆ. ತೊಗರಿಯ ಬುಟ್ಟಿ ತುಂಬಿದ್ದು ತುಂಬಿದ ಹಾಗೆಯೇ ಪಕ್ಕದಲ್ಲಿತ್ತು. ಅವ್ವ ಒಂದು ಕೈಯಿಂದ ಖಾಲಿ ಕಲ್ಲು ತಿರುವುತ್ತಿದ್ದಳು. ಹಣೆಯನ್ನು ಕೆಳಗೆ ಪರಸಿಗೆ ಇಟ್ಟಿದ್ದಳು. ಬಾಯಲ್ಲಿ ಸೆರಗು ತುರುಕಿಕೊಂಡಿದ್ದಳು. ಪಡಸಾಲೆಯಲ್ಲಿ ಆಯಿ, ಸೊಸೆ ಬೇಳೆ ಒಡೆಯುತ್ತಿದ್ದಾಳೆಂದು ಗೊರಕೆ ಹೊಡೆಯುತ್ತಿದ್ದಳು. ನಡುಮನೆಯಲ್ಲಿ ನೀಲಿ ಮತ್ತೆ ನೆಲಕ್ಕೆ ಕಿವಿ ಇಟ್ಟು ಹೂಂ ಎನ್ನುತ್ತಿದ್ದಳು, ಬೀಸುಕಲ್ಲಿನದೇ ಸ್ವರದಲ್ಲಿ, ಅದು ಏರಿದಾಗ ಏರಿ ಇಳಿದಾಗ ಇಳಿದು. ಇಷ್ಟು ವರ್ಷ ದಿನಾಲೂ ಅವಳು ಕೇಳುತ್ತಿದ್ದದ್ದು ಗಣಿಯನ್ನಷ್ಟೇ ಅಲ್ಲ.

ಆಮೇಲೆ ನಾನು ಅವ್ವನ ಬೆನ್ನು ಬಿಡಲಿಲ್ಲ. ನಮ್ಮ ಹಿತ್ತಲಿನ ಆಚೆ ಪರಸಿ ತೆಗೆದು ಬಿಟ್ಟ ಹಳೆಯ ಗುಂಡಿಯೊಂದಿತ್ತು, ನೀರು ತುಂಬಿ ಹಸಿರಾಗಿತ್ತು. ಕಲ್ಲು ಕಿತ್ತ ಜಾಗವೆಲ್ಲ ಮೆಟ್ಟಿಲು ಮೆಟ್ಟಿಲಾಗಿ ನೀರಿಗೆ ಇಳಿಯುತ್ತಿತ್ತು. ಬಟ್ಟೆ ಒಗೆಯಲು ಹೋದ ಅವ್ವ, ಒಗೆದು ಮುಗಿಸಿದ ಮೇಲೂ ಕಟ್ಟಕಡೆಯ ಒಣ ಮೆಟ್ಟಿಲ ಮೇಲೆ ನೀಲಿಯೊಡನೆ ನಿಂತಿರುತ್ತಿದ್ದಳು. ಬಿಸಿಲು ನೆತ್ತಿ ಸುಡುತ್ತಿದ್ದರೂ ಅಲ್ಲೇ. ಇಬ್ಬರೂ ನೀರು ನೋಡುತ್ತ ಹೂಂ ಎನ್ನುತ್ತಿದ್ದರು. ಆ ಗುಂಡಿಯ ಕಲ್ಲಿನ ಗೋಡೆಗಳಿಗೆ ತಾಗಿ ಆ ಸ್ವರ ತಿರುಗಿ ಬರುತ್ತಿತ್ತು, ಕೆಳಗಿನಿಂದ ಮತ್ತಿಬ್ಬರು ಹೂಂಗುಟ್ಟಿದ ಹಾಗೆ. ಮನೆಯಲ್ಲಿ ಸೆರಗಿಗೂ ಫ್ರಾಕಿಗೂ ಒಂದು ಗಂಟು ಇರುತ್ತಿತ್ತು. ಒಂದು ದಿನ ಎಣಿಸಿ ನೋಡಿದೆ, ನೀರಿನ ಹತ್ತಿರ ಮೂರು ಗಂಟು. ನಾನು ಅಂಜಿ "ಅವ್ವಾ, ಹಸಿವಾಗ್ಯದ!" ಎಂದು ಚೀರಿದೆ. ಅವ್ವ ನಿದ್ದೆಯಿಂದ ಎದ್ದವಳಂತೆ ತಿರುಗಿ, ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡು, ಮೆಲ್ಲಗೆ ಮೆಟ್ಟಿಲು ಹತ್ತಿ ಬಂದಳು.

ಅದರ ಮುಂದಿನ ಸೋಮವಾರ ಚಂದಮ್ಮ ಏನೋ ಕೇಳಿದಳು, ದೊಡ್ಡ ಸೊಸೆಗೆ ಯಾವಾಗ ನೀರು ನಿಲ್ಲುತ್ತದೆ, ಯಾವಾಗ ಬಸಿರಾಗುತ್ತಾಳೆ ಎಂದೋ ಏನೋ. ನೀಲಿ ಹೂಂ ಎಂದಳು. ಅವ್ವ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನಾನು ಎಂದೂ ಕೇಳದ ಸಪಾಟಾದ ದನಿಯಲ್ಲಿ ಹೇಳಿದಳು:

"ನೀರ ಕರೀಲಿಕತ್ತದ. ಸಾಕಾಗ್ಯದ ನನಗ. ಇಬ್ಬರನೂ ಕರಕೋ ಅಂತ ಹೇಳೀನಿ."

ಇಷ್ಟು ಬಿಡಿಸಿ ಹೇಳಿದ ಮೇಲೆ ಯಾರಾದರೊಬ್ಬಳು ಎದ್ದು ಅವ್ವನ ಕೈ ಹಿಡಿಯುತ್ತಾಳೆಂದು ನಾನು ಕಾದೆ. ಚಂದಮ್ಮ ಎರಡೂ ಕೈ ಎತ್ತಿ ಮುಗಿದಳು.

"ಗಂಗವ್ವ! ಗಂಗವ್ವ ಬಂದಾಳ್ರೆವ್ವಾ! ಆ ಗುಂಡಿಗಿ ಇಷ್ಟ ವರ್ಷ ಆದ್ರೂ ಒಬ್ಬರರೆ ಉಡಿ ತುಂಬೇವೇನ? ಅದಕ್ಕ ಕೇಳ್ಲಿಕತ್ತಾಳ."

ಎಲ್ಲರೂ ಹೌದು ಹೌದು ಎಂದರು. ಮುಂದಿನ ಸೋಮವಾರ ಹಸಿರು ಸೀರೆ, ಬಳೆ, ಕೊಬ್ಬರಿ ಬಟ್ಟಲು, ಕಡುಬು ತೆಗೆದುಕೊಂಡು ಹೋಗಿ ನೀರಿಗೆ ಉಡಿ ತುಂಬುವುದು ಎಂದಾಯಿತು. ತುಂಬುವವರು ಯಾರು? ಇಬ್ಬರನ್ನೂ ಕರೆದಿದ್ದಾಳಲ್ಲ, ತಾಯಿ ಮಗಳೇ ನೀರಿಗಿಳಿದು ತುಂಬಬೇಕು. ಸೊಂಟದ ತನಕ ಇಳಿದರೆ ಸಾಕು ಎಂದು ಚಂದಮ್ಮ ತಾನೇ ಅಳತೆ ಹೇಳಿದಳು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ನಕ್ಕಳು. ಆ ನಗು ಈಗಲೂ ನಾನು ಕೆಲಸ ಮಾಡುವ ರೈಲು ಟಿಕೆಟ್ ಕಿಟಕಿಯ ಗಾಜಿನಲ್ಲಿ ನನಗೆ ಒಮ್ಮೊಮ್ಮೆ ಕಾಣುತ್ತದೆ. ಕೆಟ್ಟ ಹೆಂಗಸರೇನಲ್ಲ ಅವರು. ನಮ್ಮ ಮನೆಗೆ ಬೇಳೆ ಸಾಲದಿದ್ದಾಗ ತಂದುಕೊಟ್ಟವರು. ಆದರೆ ಹೆಣ್ಣುಮಗಳು ಸಾಕಾಗಿದೆ ಎಂದರೆ ಅವರ ಕಿವಿಗೆ ಅದು ಹೆಣ್ಣುಮಗಳ ಮಾತೆಂದು ಬೀಳಲೇ ಇಲ್ಲ.

ಆ ವಾರ ನಾನು ಉಣ್ಣಲಿಲ್ಲ. ಅಪ್ಪನಿಗೆ ಹೇಳಿದೆ. ಆತ ತಲೆ ಒರೆಸಿಕೊಳ್ಳುತ್ತ, "ಹೆಣಮಕ್ಕಳ ದೇವರ ಕಾರ್ಯಾದಾಗ ನಾ ಏನ ಬಾಯಿ ಹಾಕಲಿ ಮಲ್ಲಿ?" ಎಂದ. ಆಯಿಗೆ ಹೇಳಿದೆ. "ಅವ್ವ ಖಾಲಿ ಕಲ್ಲ ತಿರುವ್ತಾಳ ಆಯಿ, ಅಳ್ತಾಳ" ಎಂದೆ. ಆಯಿ ನನ್ನ ಬಾಯಿ ಮೇಲೆ ಹೊಡೆದಳು. ಆದರೆ ಹೊಡೆದ ಮೇಲೆ ಅವಳ ಕೈ ಅಲ್ಲೇ, ನನ್ನ ತುಟಿಯ ಮೇಲೆಯೇ ನಿಂತಿತು. ಅಡುಗೆಮನೆಯ ಕಡೆ ನೋಡಿದಳು. ಆ ದಿನದಿಂದ ಮಧ್ಯಾಹ್ನ ಆಯಿಯ ಗೊರಕೆ ಕೇಳಲಿಲ್ಲ.

ಸೋಮವಾರ ಬಂತು. ನಡುಮನೆಯಲ್ಲಿ ಬುಟ್ಟಿ ತುಂಬಿ ಇಟ್ಟಿದ್ದರು. ಅವ್ವನಿಗೆ ಎಣ್ಣೆ ನೀರು ಹಾಕಿ, ತಲೆ ತುಂಬ ಹೂ ಮುಡಿಸಿದ್ದರು. ಸತ್ತ ಮುತ್ತೈದೆಯನ್ನೂ ಹೀಗೇ ಸಿಂಗರಿಸುತ್ತಾರೆ ಎಂಬುದು ಅಲ್ಲಿ ನನ್ನೊಬ್ಬಳಿಗೇ ಹೊಳೆದಿತ್ತೋ ಏನೋ. ಅವ್ವ ನೀಲಿಯ ಫ್ರಾಕಿಗೆ ಸೆರಗು ಗಂಟು ಹಾಕುತ್ತಿದ್ದಳು. ಒಂದು, ಎರಡು, ಮೂರು. ನೀಲಿ ಏಳಲಿಲ್ಲ, ನೆಲಕ್ಕೆ ಕಿವಿ ಒತ್ತಿ ಮಲಗಿಯೇ ಇದ್ದಳು. ಚಂದಮ್ಮ ಅವಳನ್ನು ಎತ್ತಲು ಬಗ್ಗಿದಳು. ನನಗೆ ಬೇರೇನೂ ತೋಚಲಿಲ್ಲ. ನೀಲಿಯ ಪಕ್ಕ ಧೊಪ್ಪನೆ ಬೋರಲು ಬಿದ್ದು, ಕಿವಿ ಒತ್ತಿ, ಚೀರಿದೆ:

"ಮುಟ್ಟಬ್ಯಾಡ್ರಿ! ನೀಲಿ ಮಾತಾಡ್ಲಿಕತ್ತಾಳ. ನೀರಿಗಿ ಹೋಗಬ್ಯಾಡ್ರಿ ಅಂತಾಳ!"

"ನಿನಗ ಹೆಂಗ ತಿಳೀತದ ಬಿಡವ್ವಾ," ಎಂದು ಚಂದಮ್ಮ ನಕ್ಕಳು. "ಹಡದಾಕಿಗಿ ತಿಳೀತದ, ನಿನಗೇನ ತಿಳೀತದ?"

ನೆಲದಲ್ಲಿ ಡ್ರಿಲ್ ಇರಲಿಲ್ಲ. ಲಾರಿ ಒಂದೇ ಒಂದು ಗುಡುಗುಡು ಎನ್ನುತ್ತಿತ್ತು. ಅದೂ ದೂರ ಹೋಗಿ ನಿಂತಿತು. ಇನ್ನೂ ಮೂರು ಗಂಟೆಯಾಗಿರಲಿಲ್ಲ, ಭೋಂಗಾದ ಕೂಗೂ ಕೇಳಿರಲಿಲ್ಲ.

"ಒಡಹುಟ್ಟಿದಾಕಿ ನಾ, ನನಗೂ ತಿಳೀತದ. ನಂಬಲಿಲ್ಲಂದ್ರ ನೋಡ್ರಿ. ಈಗ ಮದ್ದ ಹಾರ್ತದ. ಆಕೀನೇ ಹೇಳ್ಯಾಳ."

ನೀಲಿ ಎದ್ದು ಕೂತು ಕಿವಿ ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ. ಏಟು ಬಿತ್ತು. ಮಾಡದಿಂದ ತಾಟೊಂದು ಬಿದ್ದು ಉರುಳುತ್ತ ಹೋಗಿ ಆಯಿಯ ಕಾಲಿನ ಹತ್ತಿರ ಅಂಗಾತ ಆಯಿತು. ಉಡಿಯ ಬುಟ್ಟಿಯ ಮೇಲೆ ಮಾಳಿಗೆಯ ಮಣ್ಣು ಉದುರಿತು. ಚಂದಮ್ಮ ಹಣೆಗೆ ಕೈ ಇಟ್ಟುಕೊಂಡು ಕೂತುಬಿಟ್ಟಳು.

"ಮತ್ತೇನಂತಾಳ ಕೇಳವ್ವಾ," ಎಂದಳು, ಈ ಸಲ ನನಗೆ.

ನಾನು ಅಳುತ್ತಲೇ ಒದರಿದೆ. ಏಳು ವರ್ಷದ್ದೆಲ್ಲ ಬಂತು. "ಆ ಸೀರಿ ನೀರಿಗಿ ಬ್ಯಾಡ ಅಂತಾಳ. ಅವ್ವಗ ಉಡಿ ತುಂಬ್ರಿ ಅಂತಾಳ. ಅವ್ವಗ ನಿದ್ದಿ ಇಲ್ಲ. ಅವ್ವ ಖಾಲಿ ಕಲ್ಲ ತಿರುವಿ ಅಳ್ತಾಳ, ನೆಲದಾಗ ಕೇಳಸ್ತದ. ದಿನಾ ಮಧ್ಯಾಹ್ನ ಒಬ್ಬರು ಬಂದು ನನ್ನ ಹತ್ತರ ಕುಂದ್ರರಿ, ಅವ್ವಗ ಮಕ್ಕೊಳ್ಳಾಕ ಬಿಡ್ರಿ ಅಂತಾಳ."

ಅವ್ವ ಗಂಟು ಹಿಡಿದ ಕೈಯಲ್ಲೇ ನನ್ನನ್ನು ನೋಡುತ್ತಿದ್ದಳು. ಸುಳ್ಳು ಎಂದು ಅವಳಿಗೆ ಗೊತ್ತು. ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅವಳು ಅನ್ನಲಿಲ್ಲ. ಆಗ ಆಯಿ ಎದ್ದಳು. ಬಗ್ಗಿ, ಮುದಿ ಬೆರಳುಗಳಿಂದ ಆ ಮೂರು ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಬುಟ್ಟಿಯಿಂದ ಹಸಿರು ಸೀರೆ ತೆಗೆದು, ಮಣ್ಣು ಝಾಡಿಸಿ, ಅಕ್ಕಿ ಕೊಬ್ಬರಿ ಸಮೇತ ಸೊಸೆಯ ಸೆರಗಿಗೆ ಸುರಿದಳು.

"ದೇವರ ಮಾತ ಅದ, ನಾ ಮೀರಬಾರದು," ಎಂದಳು ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಮೆಲ್ಲಗೆ, "ಮಕ್ಕೋ ಶಾಂತಾ. ಕೂಸಿನ್ನ ನಾ ನೋಡತೀನಿ."

ಆಯಿ ನಂಬಿದ್ದಳೋ, ಅತ್ತೆಯಾಗಿ ತಾನು ಹೇಳಲಾರದ್ದನ್ನು ದೇವರ ಹೆಸರಿನಲ್ಲಿ ಹೇಳಿಬಿಟ್ಟಳೋ, ಸಾಯುವ ತನಕ ಬಾಯಿ ಬಿಡಲಿಲ್ಲ. ಅವ್ವ ಆ ಕಂಬಳಿಯ ಮೇಲೆಯೇ ಅಡ್ಡಾದಳು. ಮುಡಿದ ಹೂ ಸಮೇತ ಮಲಗಿದಳು. ಸಂಜೆ ಅಪ್ಪ ಬಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದ. ರಾತ್ರಿ ಕಳೆಯಿತು, ಬೆಳಗಾಯಿತು, ಅವಳು ಏಳಲಿಲ್ಲ. ಮಂಗಳವಾರ ಮಧ್ಯಾಹ್ನ ಆಯಿ ನೀಲಿಗೆ ಉಣ್ಣಿಸಿ, ಚಂದಮ್ಮನ ಜೊತೆ ಪಡಸಾಲೆಯಲ್ಲಿ ಪಿಸುಮಾತಾಡುತ್ತಿದ್ದಳು. ನಡುಮನೆಯಲ್ಲಿ ಅವ್ವ, ನೀಲಿ, ನಾನು. ಬೀಸುಕಲ್ಲು ಸುಮ್ಮನಿತ್ತು. ನೀಲಿ ನೆಲಕ್ಕೆ ಕಿವಿ ಇಟ್ಟಿದ್ದಳು, ಆದರೆ ಅವಳ ಹೂಂಕಾರ ಇರಲಿಲ್ಲ. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಕಂಡಿರಲೇ ಇಲ್ಲ, ನನಗೆ ಭಯವೇ ಆಯಿತು. ನೆಲ ಸುಮ್ಮನಾಗಿರಬೇಕು, ನೀಲಿ ಕಿವಿ ಎತ್ತಿದಳು. ಎದ್ದು ಕೂತಳು. ಅಂಗೈಗಳನ್ನು ತನ್ನ ಕಿವಿಯ ತನಕ ಒಯ್ದು ತಡೆದಳು. ಅಂಬೆಗಾಲಲ್ಲಿ ಅವ್ವನ ತಲೆಯ ಹತ್ತಿರ ಹೋದಳು. ಮುಖ ಗೋಡೆಯ ಕಡೆಗೇ ಇತ್ತು, ಅವ್ವನನ್ನು ನೋಡಲಿಲ್ಲ. ಎರಡೂ ಅಂಗೈಯಿಂದ ಅವ್ವನ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿದಳು.

ಏಟು ಬಿತ್ತು. ನೀಲಿಯ ಮೈ ಪೂರ್ತಿ ನಡುಗಿತು, ಹಲ್ಲು ಕಚ್ಚಿದಳು, ಕೈ ತೆಗೆಯಲಿಲ್ಲ. ಧೂಳು ಇಳಿದ ಮೇಲೆ ಕೈ ತೆಗೆದು, ಹೋಗಿ ಮುಚ್ಚಳ ತಿರುಗಿಸಿದಳು. ಅವ್ವನಿಗೆ ಎಚ್ಚರವಾಗಲಿಲ್ಲ.

ಸಂಜೆ ಅವಳು ಎದ್ದ ಕೂಡಲೇ ನಾನು ಓಡಿಹೋಗಿ ಹೇಳಿದೆ. ಮಾತು ತೊದಲುತ್ತಿತ್ತು. ಅವ್ವ ಪೂರ್ತಿ ಕೇಳಿದಳು. ನನ್ನ ತಲೆ ಸವರಿದಳು.

"ಸುಳ್ಳ ಹೇಳತಿ ಮಲ್ಲಿ. ನಿನ್ನೆನೂ ಹೇಳಿದಿ. ನನ್ನ ಸಲುವಾಗಿ ಹೇಳಿದಿ ಅಂತ ಗೊತ್ತದ ನನಗ."

"ಖರೇನೇ ಅವ್ವಾ! ಲಿಂಗದಾಣಿ ಖರೇ!"

"ಇರಲಿ ಬಿಡು," ಎಂದಳು.

ಅಂಥ ಸಿಟ್ಟು ನನಗೆ ಜನ್ಮದಲ್ಲಿ ಬಂದಿಲ್ಲ. ನನ್ನ ಸುಳ್ಳನ್ನು ಇಡೀ ಓಣಿ ನಂಬಿತು, ನನ್ನ ಖರೆಯನ್ನು ಹೆತ್ತ ತಾಯಿ ನಂಬಲಿಲ್ಲ. ಆದರೂ ಮರುದಿನ ಊಟವಾದ ಮೇಲೆ ಅವ್ವ ಬೀಸುಕಲ್ಲಿನ ಕಡೆ ಹೋಗದೆ ಬಂದು ಕಂಬಳಿಯ ಮೇಲೆ ಮಲಗಿ ಕಣ್ಣು ಮುಚ್ಚಿದಳು. ರೆಪ್ಪೆ ಅದುರುತ್ತಿತ್ತು, ನಿದ್ದೆಯ ನಾಟಕ. ನೀಲಿ ತನ್ನ ಕಿವಿಯನ್ನೇ ಮುಚ್ಚಿಕೊಂಡಳು. ಅದರ ಮರುದಿನವೂ ಅಷ್ಟೇ. ಎಚ್ಚರದ ಉಸಿರು, ನಿದ್ದೆಯ ಉಸಿರು ಯಾವುದೆಂದು ನೆಲದೊಳಗಿಂದ ಅವಳಿಗೆ ತಿಳಿಯುತ್ತಿತ್ತು ಎಂದು ಕಾಣುತ್ತದೆ. ಕಾದು ಕಾದು ದಣಿದು ಅವ್ವನಿಗೆ ನಿಜವಾಗಿ ನಿದ್ದೆ ಹತ್ತಿದ ದಿನವೇ ನೀಲಿ ಬರುತ್ತಿದ್ದಳು. ಹಾಗೆ ದಿನಾ ಕಾಯುತ್ತ ಕಾಯುತ್ತ ಅವ್ವನಿಗೆ ಮಧ್ಯಾಹ್ನದ ನಿದ್ದೆ ರೂಢಿಯಾಯಿತು. ಓಣಿಯ ಹೆಂಗಸರು ಸರದಿ ಮಾಡಿಕೊಂಡು ಬಂದು ಕೂತರು. ಗುಂಡಿಯ ಕಡೆಗೆ ಅವ್ವ ಒಗೆಯಲು ಹೋದಳು, ಒಗೆದು ಬಂದಳು, ಅಷ್ಟೇ.

ಮುಂದೆ ಕಲಬುರಗಿಯಲ್ಲಿ ವೈದ್ಯೆಯೊಬ್ಬರು ನೀಲಿಗಿರುವುದು ಆಟಿಸಂ, ಇದಕ್ಕೆ ಹಡೆದವಳ ತಪ್ಪು ಏನೂ ಇಲ್ಲ ಎಂದು ಬಿಡಿಸಿ ಹೇಳಿ, "ನೀವು ನಿದ್ದಿ ಮಾಡ್ತೀರೇನಮ್ಮಾ?" ಎಂದು ಕೇಳಿದರು. ಅವ್ವ ಅವರ ಮುಂದೆ ಸೆರಗು ಬಾಯಿಗೆ ತುರುಕದೆ ಅತ್ತಳು. ಈಗ ನಾನು ವಾಡಿಯಲ್ಲಿ ರೈಲಿನ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೂಡುತ್ತೇನೆ. ಅವ್ವ, ನೀಲಿ ನನ್ನ ಜೊತೆಗೇ ಇದ್ದಾರೆ. ನೀಲಿಯ ತಲೆಯಲ್ಲೂ ಬಿಳಿಕೂದಲು ಬಂದಿವೆ. ಈ ಮನೆಯ ನೆಲಕ್ಕೂ ಪರಸಿ. ಗಣಿ ದೂರ ಸರಿದಿದೆ, ಆದರೂ ಮಧ್ಯಾಹ್ನ ಒಂದು ಮೆದು ಏಟು ಬರುತ್ತದೆ, ನಮ್ಮಂಥವರಿಗಷ್ಟೇ ತಿಳಿಯುವಂಥದ್ದು. ಅದಕ್ಕೆ ಮೊದಲು ಅವ್ವ ಮಲಗಿ ಕಣ್ಣು ಮುಚ್ಚುತ್ತಾಳೆ. ನಾನು ಮನೆಯಲ್ಲಿದ್ದರೆ ನೋಡುತ್ತೇನೆ, ಇಬ್ಬರು ಬಿಳಿತಲೆಯವರು, ಒಬ್ಬಳ ಕಿವಿಯ ಮೇಲೆ ಇನ್ನೊಬ್ಬಳ ಕೈ. ಎದ್ದ ಮೇಲೆ ಅವ್ವ ಚಹಾಕ್ಕೆ ನೀರಿಡುತ್ತ, ನನ್ನ ಕಡೆ ನೋಡದೆ ಕೇಳುತ್ತಾಳೆ:

"ಇವತ್ತ ಬಂದಿದ್ಲೇನ?"

"ಬಂದಿದ್ಲು. ಎರಡೂ ಕೈ ಇಟ್ಟಿದ್ಲು."

"ಸುಳ್ಳ ಹೇಳತಿ ಮಲ್ಲಿ," ಎನ್ನುತ್ತಾಳೆ. ಆಮೇಲೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು, ತನ್ನ ಕಿವಿಗಳನ್ನು ಒಂದಾದ ಮೇಲೊಂದು ಮುಟ್ಟಿ ನೋಡಿಕೊಳ್ಳುತ್ತಾಳೆ.